ಎರಡು ಗಂಟೆಯ ಹಾರ್ನ್

ಗುಡ್ಡದಾಚೆಯಿಂದ ಚೀಟಿ ಕಳಿಸಿದ್ದೀರಿ:
ನಾವೂ ಒಂದು ಗುಂಪು ಕಟ್ಟಬೇಕು,
ವಾಸಿಯಾಗದವರ ಮನೆಗೆ ಹೋಗಿಬರಲು
ಏನೇನು ಬೇಕು, ಬರೆದು ಕೊಡಿ, ಅಂತ.

ಬರೆದುಕೊಳ್ಳಿ.
ಸೈಕಲ್ ಎರಡು. ನಮ್ಮದರಲ್ಲಿ ಒಂದಕ್ಕೆ ಬ್ರೇಕಿಲ್ಲ,
ಚಹಾ ತೋಟದ ಮೇಲಿನ ಮನೆಗಳಿಗೆ ಒಯ್ದು
ಇಳಿಯುವಾಗ ತಳ್ಳಿಕೊಂಡು ಬರುತ್ತೇವೆ.
ಮೊಣಕಾಲುದ್ದದ ರಬ್ಬರ್ ಬೂಟು, ಅಳತೆ ನೋಡಬೇಡಿ,
ದೊಡ್ಡದಾದರೆ ಬಾಳೆಯ ಒಣಗರಿ ತುರುಕಿದರಾಯಿತು.
ಉಪ್ಪು, ಕುದಿಸಿದ ನೀರು, ಹಳೆಯ ಹಾಸುಬಟ್ಟೆಯ ಪಟ್ಟಿಗಳು.
ಹುಣ್ಣಿನ ವಾಸನೆಗೆ ಮಾತ್ರೆ ಪುಡಿಮಾಡಿ ಉದುರಿಸುವುದನ್ನು
ಫೋರ್ಟ್ ಪೋರ್ಟಲ್‌ನಿಂದ ಬರುವ ನರ್ಸ್ ಕಲಿಸುತ್ತಾಳೆ.
ಮುಖ ಸಿಂಡರಿಸದಿರುವುದನ್ನು ಅವಳೂ ಕಲಿಸಲಾರಳು,
ನನಗೆ ಒಂದು ವರ್ಷ ಹಿಡಿಯಿತು.

ಬಾಗಿಲಲ್ಲಿ ನಿಂತು ಮೊದಲು ಎಂಪಾಕೊ ಕೇಳಿ,
ನೋವೆಲ್ಲಿ ಅನ್ನುವ ಮುಂಚೆ.
ನಮ್ಮ ಟೂರೊ ಸೀಮೆಯ ಮುದುಕರು
ಕಾರ್ಡಿನ ಮೇಲಿನ ಹೆಸರಿಗೆ ಓಗೊಡುವುದಿಲ್ಲ,
ಹುಟ್ಟಿದ ನಾಲ್ಕನೆಯ ದಿನ ತೊಡೆಯ ಮೇಲೆ ಕೂರಿಸಿಕೊಂಡು
ಯಾರೋ ಇಟ್ಟ ಆ ಮುದ್ದಿನ ಹೆಸರೇ ಆಗಬೇಕು.

ಮತ್ತೆ ಗಡಿಯಾರ. ಇದನ್ನು ನಾವು ಮರೆತಿದ್ದೆವು.
ಹಸಿರು ಬಣ್ಣದ ಮಾರ್ಫಿನ್ ನಾಲ್ಕು ಗಂಟೆಗೊಮ್ಮೆ,
ನೋವು ಬಂದಮೇಲಲ್ಲ, ಬರುವ ಮುಂಚೆ.
ಗಡಿಯಾರವೇ ಇಲ್ಲದ ಮನೆಗೆ ಏನು ಮಾಡೋಣ?
ಕಬಸಿಂಗುಜಿ, ನಮ್ಮವಳು, ಬಾಳೆಕಾಯಿ ಮಾರುವವಳು,
ಅಕ್ಷರ ಕಮ್ಮಿ, ಕಿವಿ ಚುರುಕು,
ಅವಳೇ ದಿನವನ್ನು ಕಟ್ಟಿಕೊಟ್ಟಳು:
ಬೆಳಕಿನ ಕೋಳಿಗೆ ಒಂದು ಅಳತೆ.
ಶಾಲೆಯಂಗಳದ ಮರಕ್ಕೆ ನೇತುಹಾಕಿದ
ಚಕ್ರದ ರಿಮ್ಮು ಬಡಿದಾಗ ಒಂದು.
ಎರಡಕ್ಕೆ ಚಹಾ ಎಲೆಯ ಲಾರಿ
ತಿರುವಿನಲ್ಲಿ ಹಾರ್ನ್ ಹೊಡೆದಾಗ ಒಂದು.
ಆಡುಗಳು ಮನೆಗೆ ಬಂದಾಗ.
ರಾತ್ರಿ ಪಕ್ಕದ ಮನೆಯ ರೇಡಿಯೋ ವಾರ್ತೆ ಮುಗಿಸಿದಾಗ
ಎರಡು ಅಳತೆ, ಕೋಳಿಯ ತನಕ ಸಾಕು.

ಅರಾಲಿಯ ಮನೆಯಲ್ಲಿ ಹೀಗೆ ಏಳು ವಾರ ನಡೆಯಿತು.
ಅವನಿಗೆ ಗಂಟಲಲ್ಲಿ ಗಡ್ಡೆ.
ಚಮಚ ಹಿಡಿದವಳು ಹೆಂಡತಿ ಕುನಿಹಿರಾ.
ಒಂದು ಗುರುವಾರ ಲಾರಿ ಕೆಸರಲ್ಲಿ ಹೂತು
ಆಡುಗಳು ಬರುವ ಹೊತ್ತಾದರೂ ಬರಲಿಲ್ಲ.
ನಾವು ಹೋದಾಗ ಅವನು ಚಾಪೆಯ ಅಂಚು ಕಚ್ಚುತ್ತಿದ್ದ.
ಬಾಟಲಿ ಮಡಿಲಲ್ಲಿಟ್ಟುಕೊಂಡು ಅವಳು
ಹಾರ್ನ್ ಆಗಲಿಲ್ಲವಲ್ಲ, ಅಂದಳು.
ಎಷ್ಟು ಹೊತ್ತು ಕಾದು ಕಾಯುವುದನ್ನು ಬಿಡಬೇಕೆಂದು
ನಾವು ಹೇಳಿರಲಿಲ್ಲ.

ಮಾರನೆಯ ದಿನ ಕಬಸಿಂಗುಜಿ ಲಾರಿಯನ್ನೇ ಅಡ್ಡಗಟ್ಟಿದಳು.
ಡ್ರೈವರ್ ರುಸೋಕೆ ಮೊದಲು ಬೈದ,
ಆಮೇಲೆ ಎಂಜಿನ್ ಆರಿಸಿ ಕೇಳಿಸಿಕೊಂಡ.
ಅಂದಿನಿಂದ ಲಾರಿ ಎಲ್ಲಿ ಕೆಟ್ಟು ನಿಂತರೂ
ಎಲೆ ತುಂಬುವ ಹುಡುಗನೊಬ್ಬನನ್ನು ಓಡಿಸುತ್ತಿದ್ದ,
ತಿರುವಿನಲ್ಲಿ ನಿಂತು ಬಾಯಲ್ಲೇ ಪೋಂ ಅನ್ನಲು.

ಅರಾಲಿ ಹೋದಾಗ ಬಾಟಲಿಯಲ್ಲಿ ಮೂರು ಬೆರಳು ಉಳಿದಿತ್ತು.
ಅಳೆದು, ಬರೆದು, ಸಹಿ ಹಾಕಿಸಿ ನರ್ಸಿಗೆ ಒಪ್ಪಿಸಿ.
ಅಳು ಬಂದರೂ ಮೊದಲು ಇದು,
ಲೆಕ್ಕ ತಪ್ಪಿದರೆ ಮುಂದಿನ ಮನೆಗೆ ಔಷಧಿ ಸಿಗದು.

ಆಮೇಲೂ ಹೋಗುತ್ತಿರಿ.
ಎರಡಕ್ಕೆ ಹಾರ್ನ್ ಕೇಳಿದರೆ ಕುನಿಹಿರಾ
ಬಿಡಿಸುತ್ತಿದ್ದ ಬೀನ್ಸ್ ಬಿಟ್ಟು ಏಳುತ್ತಾಳೆ,
ಗೂಡಿನಲ್ಲಿ ಕೈಯಾಡಿಸಿ ಚಮಚ ಹುಡುಕುತ್ತಾಳೆ,
ಅಲ್ಲೇ ನಿಂತುಬಿಡುತ್ತಾಳೆ.
ಆ ಹೊತ್ತಿಗೆ ಯಾರಾದರೂ ಅಲ್ಲಿರಬೇಕು.
ಮಾತು ಬೇಡ. ಬೀನ್ಸ್ ಬಿಡಿಸಿ.

ರುಸೋಕೆ ಬಂದು ಕೇಳಿದ: ಹಾರ್ನ್ ನಿಲ್ಲಿಸಿಬಿಡಲೇ?
ನಾವು ಮೂವರೂ ಮೂರು ಥರ ಹೇಳಿದೆವು,
ಕೊನೆಗೆ ಅವಳನ್ನೇ ಕೇಳಿದೆವು.
ಅವಳು ಸಿಪ್ಪೆಗಳನ್ನು ಆಡಿನ ಕಡೆ ಎಸೆದು ಅಂದಳು:
ಕೆಳಗಿನ ಮನೆಯ ಅಬ್ವೋಲಿಗೂ
ಸೋಮವಾರದಿಂದ ಹಸಿರು ಬಾಟಲಿಯಂತೆ.
ಅವಳ ಮೊಮ್ಮಗಳಿಗೆ ಕಿವಿ ಮಂದ.
ಇನ್ನೂ ಗಟ್ಟಿಯಾಗಿ ಹೊಡೆಯಲು ಹೇಳಿ.

ಸೈಕಲ್ ಪಂಪು ಬರೆಯಲು ಮರೆತೆ. ಅದೂ ಬೇಕು.