ಬೊಗ್ಗುಕುದ್ರು: ಷರಾ

ಉತ್ತರಕ್ಕೆ ಹೊಳೆ. ದಕ್ಷಿಣಕ್ಕೆ ಹೊಳೆ.
ಮೂಡಕ್ಕೆ ಹೊಳೆ, ಪಡುವಣಕ್ಕೂ ಹೊಳೆ, ಅದರಾಚೆ
ರೈಲು ಸೇತುವೆ, ಅದರಾಚೆ ಅಳಿವೆ, ಅದರಾಚೆ
ನಮ್ಮ ಇಲಾಖೆಗೆ ಸಂಬಂಧವಿಲ್ಲ.

ಚಕ್ಕುಬಂದಿ ಬರೆಯಲು ಇಷ್ಟು ಸುಲಭದ ಊರು
ಮೂವತ್ತೊಂದು ವರ್ಷದ ನನ್ನ ಸರ್ವೆಯಲ್ಲಿ ಇನ್ನೊಂದಿಲ್ಲ.
ಅಳೆಯಲು ಇಷ್ಟು ಕಷ್ಟದ್ದೂ.

ಹನ್ನೊಂದು ಮನೆ. ಒಂದು ಬಾವಿ.
ಸುತ್ತ ಉಪ್ಪು, ನಡುವೆ ಸಿಹಿ, ಯಾಕೆಂದು
ಯಾರೂ ಅಗೆದು ನೋಡಿಲ್ಲ, ನೋಡಬಾರದಂತೆ.
ತೆಂಗಿನ ಸಿಪ್ಪೆ ಕೊಳೆಹಾಕಿದ ಗುಂಡಿಗಳು; ಅವುಗಳ ನಾತ
ಹೊಸಬರಿಗೆ ಮೂರು ದಿನ ಹೇಸಿಗೆ,
ನಾಲ್ಕನೆಯ ದಿನದಿಂದ ವಿಳಾಸ.

ಬೊಗ್ಗು ಯಾರು?
ಇದಿನಬ್ಬ ಬ್ಯಾರಿಗಳು ಹೇಳುವಂತೆ ಕಡವಿನವ,
ದೋಣಿಯ ಕೂಲಿ ಕೇಳಲು ನಾಚಿ ಬಡವನಾಗಿಯೇ ಸತ್ತವ.
ಸಿಲ್ವೆಸ್ಟರ್ ಕ್ವಾಡ್ರಸರ ಪ್ರಕಾರ ಶುದ್ಧ ಕಳ್ಳ,
ಹಂಚಿನ ಕಾರ್ಖಾನೆಯ ಮಣ್ಣುದೋಣಿಗಳನ್ನು
ರಾತ್ರಿ ಬಿಚ್ಚಿ ಹೊಳೆಗೆ ಬಿಡುತ್ತಿದ್ದವ.
ಹಳೆಯ ನಕ್ಷೆಯಲ್ಲಿ ಇಂಗ್ಲಿಷ್ ದೊರೆಯ ಗುಮಾಸ್ತ
ಕಿವಿಗೆ ಬಿದ್ದಂತೆ ಬರೆದದ್ದು: ಬಗ್ ಐಲ್ಯಾಂಡ್.
ತಿಗಣೆಯ ದ್ವೀಪ!
ಆ ಹೆಸರಲ್ಲೇ ಅರುವತ್ತು ವರ್ಷ ತೀರ್ವೆ ಕಟ್ಟಿದರು
ಒಬ್ಬರೂ ಮೈ ಕೆರೆದುಕೊಳ್ಳದೆ.

ಚರಿತ್ರೆ ಎಂದರೆ ಇಲ್ಲಿ ಮೂರು ಬೊಳ್ಳ.
ಮೊದಲನೆಯದರಲ್ಲಿ ಹೋದವು ಮುಳಿಹುಲ್ಲಿನ ಮಾಡುಗಳು.
ಎರಡನೆಯದರಲ್ಲಿ ಹಂಚಿನವು:
ಇದೇ ದಂಡೆಯ ಮಣ್ಣು, ದೋಣಿ ಹತ್ತಿ ಹೋಗಿ, ಬೆಂದು,
ಬೆನ್ನಿಗೆ ಮುದ್ರೆ ಒತ್ತಿಸಿಕೊಂಡು
ದುಡ್ಡಿಗೆ ಮಾರಾಟವಾಗಿ ಮರಳಿದ್ದು
ಒಂದೇ ರಾತ್ರಿಯಲ್ಲಿ ಮತ್ತೆ ದಂಡೆಯ ಮಣ್ಣು.
ಮೂರನೆಯದರಲ್ಲಿ ತೇಲಿ ಬಂತು ಒಂದು ತೊಟ್ಟಿಲು.
ಹೆಂಗಸರೆಲ್ಲ ಸೊಂಟದಷ್ಟು ನೀರಿಗಿಳಿದು ಎಳೆದರೆ
ಒಳಗೆ, ಬಟ್ಟೆ ಹೊದ್ದು, ಕುಂಬಳಕಾಯಿ.
ಅದರ ಬೀಜದ ಬಳ್ಳಿ ಹನ್ನೊಂದೂ ಚಪ್ಪರಗಳಲ್ಲಿ
ಈಗಲೂ ಉಂಟು. ಅದನ್ನು ಕೊಯ್ಯುವ ಮೊದಲು
ಒಮ್ಮೆ ತಟ್ಟುತ್ತಾರೆ, ಮಗುವನ್ನು ಎಬ್ಬಿಸುವ ಹಾಗೆ.

ಇನ್ನು ಅಕ್ಕು ಪೂಜಾರ್ತಿಯ ಸಂಗತಿ.
ಸರ್ವೆ ನಂಬ್ರ ಹದಿನಾಲ್ಕು ಬಾರ್ ಮೂರು, ಅರುವತ್ತೆರಡು ಸೆಂಟ್ಸು.
ಎಂಬತ್ತೆಂಟರಲ್ಲಿ ನಾನೇ ಸರಪಳಿ ಎಳೆದದ್ದು.
ಮರುಸರ್ವೆಗೆ ಹೋದಾಗ ಆಕೆ ಹೊಳೆಯತ್ತ ಕೈ ತೋರಿ
'ನೀರುಕಾಗೆ ಮುಳುಗಿತಲ್ಲ, ಅದೇ ನನ್ನ ಬಾಕಿಮಾರು' ಎಂದಳು.
ಬಿಸ್ಕತ್ತಿನ ಡಬ್ಬಿ ತೆರೆದಳು. ಒಂದು ವರ್ಷವೂ ತಪ್ಪದ ರಶೀದಿಗಳು.
ನೀರಿಗೇಕೆ ತೀರ್ವೆ ಕಟ್ಟುತ್ತೀರಿ?
'ಹೊಳೆ ನುಂಗಿದ್ದಲ್ಲ ಮಾರಾಯ್ರೆ,
ಗದ್ದೆ ಮಗ್ಗುಲು ಬದಲಾಯಿಸಿದ್ದು.'

ಮೂಡುಬದಿಗೆ ಕರೆದೊಯ್ದಳು.
ಹೊಸ ದಿಣ್ಣೆ. ಏಡಿಯ ತೂತು, ನಾಲ್ಕು ಗಾಳಿಗಿಡ, ನಂಬ್ರವಿಲ್ಲ.
ಒಂದು ಹಿಡಿ ಎತ್ತಿ ಮೂಸಿ ನನ್ನ ಮೂಗಿಗೂ ಹಿಡಿದಳು:
'ನಮ್ಮತ್ತೆ ಹೊತ್ತು ಹಾಕಿದ ಬೂದಿ. ಗೊತ್ತಾಗುವುದಿಲ್ಲವಾ?'

ಗೊತ್ತಾಗಲಿಲ್ಲ.
ಸರಕಾರಿ ಪರಂಬೋಕು ಎಂದು ಶಾಯಿಯಲ್ಲಿ ಬರೆದೆ.
ಷರಾ ಕಾಲಮಿನಲ್ಲಿ, ಪೆನ್ಸಿಲಿನಲ್ಲಿ:
ಗದ್ದೆ ಪ್ರಯಾಣದಲ್ಲಿದೆ.
ಮೇಲಿನವರು ರಬ್ಬರು ಹಾಕಿ ಅಳಿಸಿ,
ಆರೋಗ್ಯ ವಿಚಾರಿಸಿದರು.

ಕಳೆದ ಅಮಾವಾಸ್ಯೆಯ ಇಳಿತಕ್ಕೆ ಹೋಗಿದ್ದೆ,
ಪಿಂಚಣಿದಾರ, ಚಪ್ಪಲಿ ಕೈಯಲ್ಲಿ.
ಅಕ್ಕು ಇಲ್ಲ. ಡಬ್ಬಿ ಸೊಸೆಯ ಹತ್ತಿರ ಉಂಟು.
ಪಡುಬದಿಯ ನೀರಿನಲ್ಲಿ ಮೊಣಕಾಲೆತ್ತರದ ಕಲ್ಲೊಂದು,
ಮೈತುಂಬ ಚಿಪ್ಪು.
ಇದಿನಬ್ಬರ ಮೊಮ್ಮಗಳು ದೋಣಿಯ ಹಗ್ಗ ಅದಕ್ಕೇ ಸುತ್ತಿದಳು.

ಯಾವ ಕಲ್ಲು ಗೊತ್ತುಂಟಾ?

'ಬೊಗ್ಗುವಿನದ್ದು. ಅವ ದೋಣಿ ಕಟ್ಟುತ್ತಿದ್ದದ್ದು ಇದಕ್ಕೇ.'

ನೆಟ್ಟದ್ದು ನಾನು, ಎಂಬತ್ತೆಂಟರ ಮಾರ್ಚಿನಲ್ಲಿ,
ಬಿಸಿಲಿಗೆ ತಲೆಗೆ ಒದ್ದೆ ಬೈರಾಸು ಕಟ್ಟಿಕೊಂಡು.
ಹೇಳಲಿಲ್ಲ. ಹಗ್ಗ ಬಿಗಿ ಉಂಟೋ ಎಂದು
ಒಮ್ಮೆ ಎಳೆದು ನೋಡಿದೆ, ಅಷ್ಟೆ.