ನಿಧಾನದ ಲೆಕ್ಕ

ಮತ್ರಾ ಸೂಕಿನ ಹಿಂದೆ, ಬಂದರಿನ ಬಿಸಿಗಾಳಿ
ಕೇಳದೆ ನುಗ್ಗುವ ಓಣಿಯಲ್ಲಿ
ಖಲ್ಫಾನನ ಟೋಪಿಯಂಗಡಿ.
ಕುಮ್ಮಾ ಅನ್ನುತ್ತಾರೆ ಆ ಟೋಪಿಗೆ. ತಲೆ ಉಸಿರಾಡಲೆಂದು
ಮೈತುಂಬ ಸೂಜಿತೂತು, ತೂತಿನ ಸುತ್ತ ರೇಷ್ಮೆ.

ಜೂನಿನ ಒಂದು ಮಧ್ಯಾಹ್ನ ಹಳೆಯ ಪೆಟ್ಟಿಗೆ ಸತ್ತಿತು.
ಬಿಚ್ಚಿ ನೋಡಿದರೆ ನೂಲಿನ ಧೂಳು, ಲೋಬಾನದ ಜಿಡ್ಡು,
ಬಾತುಕೊಂಡು ಒಂದಕ್ಕೊಂದು ಒರಗಿದ ಕೆಪಾಸಿಟರುಗಳು,
ಮದುವೆಯೂಟ ಮುಗಿಸಿ ಚಾಪೆಗುರುಳಿದ ನೆಂಟರ ಹಾಗೆ.

"ಪೆಟ್ಟಿಗೆ ಹೊಸದಾಗಲಿ," ಅಂದ ಖಲ್ಫಾನ್,
"ಒಳಗಿನದು ಹಳೆಯದೇ ಇರಲಿ."
ಹೇಳಲೇನು. ಆ ಕಸೂತಿ ಪ್ರೋಗ್ರಾಮು ಡಾಸ್ ಕಾಲದ್ದು,
ಬರೆದ ಕಂಪನಿಯ ಫೋನು ಎತ್ತುವವರಿಲ್ಲ.
ದುರ್‌ಬೀಬಿ ಮಾಡಿಟ್ಟ ಇನ್ನೂರ ಹನ್ನೆರಡು ಚಿತ್ತಾರ
ಅದರೆದುರಲ್ಲದೆ ಬಾಯಿ ಬಿಡುವುದಿಲ್ಲ.

ನಾನು ಗಂಗೊಳ್ಳಿಯವ. ರೂವಿಯಲ್ಲಿ ರಿಪೇರಿ ಕೆಲಸ.
ಎಲ್ಲರೂ ಮಲಯಾಳಿ ಅಂದುಕೊಳ್ಳುತ್ತಾರೆ,
ತಿದ್ದುವುದನ್ನು ಎರಡನೇ ವೀಸಾದ ಹೊತ್ತಿಗೇ ಬಿಟ್ಟೆ.
"ಆಗುತ್ತದಾ?" ಅಂದರೆ ನನ್ನ ಬಾಯಿಂದ ಬರುವುದು ಒಂದೇ,
ಅಡ್ಡಿಲ್ಲ. ಖಲ್ಫಾನನಿಗೂ ಈಗ ಅದರ ಅರ್ಥ ಗೊತ್ತು,
ಹೆಚ್ಚುಕಮ್ಮಿ ಇನ್‌ಷಾ ಅಲ್ಲಾ.

ಹೊಸ ಪೆಟ್ಟಿಗೆಗೆ ಹಳೆಯ ಬೀಗ ಸಿಕ್ಕಿಸುವ ಸಂದಿಯೇ ಇಲ್ಲ.
ಇಪ್ಪತ್ತೈದು ಪಿನ್ನಿನ ಕಾರ್ಡೊಂದನ್ನು ವಾದಿ ಕಬೀರಿನ
ಗುಜರಿಯಲ್ಲಿ ನಾಲ್ಕು ರಿಯಾಲಿಗೆ ಹುಡುಕಿ ತಂದೆ.
ಇಂಟರ್ನೆಟ್ಟಿನ ತಂತಿ ಕಿತ್ತಿಟ್ಟೆ,
ಬಾಣಂತಿ ಕೋಣೆಯ ಬಾಗಿಲಿನ ಹಾಗೆ.
ಆದರೂ ಪ್ರತಿಸಲ ಎದ್ದ ಹಾಗೆ ಮಾಡಿ ಬೀಳುತ್ತಿತ್ತು.

ಮೂರು ರಾತ್ರಿ ಬೇಕಾಯಿತು ತಿಳಿಯಲು:
ಎದ್ದೊಡನೆ ಅದಕ್ಕೊಂದು ಅಭ್ಯಾಸ,
ತಾನಿರುವ ಯಂತ್ರ ಎಷ್ಟು ಚುರುಕು ಅಂತ ಅಳೆಯುವುದು.
ಇಷ್ಟು ಎಣಿಸಲು ಎಷ್ಟು ಹೊತ್ತು?
ಹೊಸದು ಎಣಿಸಿ ಮುಗಿಸಿದಾಗ
ಗಡಿಯಾರ ಇನ್ನೂ ಕಣ್ಣೇ ಬಿಟ್ಟಿಲ್ಲ. ಹೊತ್ತು ಸೊನ್ನೆ.
ಪಾಪ, ಸೊನ್ನೆಯಿಂದ ಭಾಗಿಸಲು ಹೋಗಿ
ಅಲ್ಲೇ ಕುಸಿಯುತ್ತದೆ.

ಕಮ್ಮಿಯಾಗಿದ್ದು ಶಕ್ತಿಯಲ್ಲ. ಹಾಗಾಗಿ ಹೊಸದರ ಹೊಟ್ಟೆಯಲ್ಲಿ
ಹಳೆಯದರ ವೇಷದ ಇನ್ನೊಂದು ಪೆಟ್ಟಿಗೆ ಕಟ್ಟಿ
ಕಾಲಿಗೆ ಹಗ್ಗ ಹಾಕಿದೆ. ನಡೆಯಿತು.
ಆದರೆ ಹಗ್ಗ ಎಷ್ಟು ಉದ್ದ ಬಿಡಬೇಕು?

ಗುರುವಾರ ಜಿಬ್ರೂವಿನಿಂದ ದುರ್‌ಬೀಬಿ ಬಂದಳು,
ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಆಗಬೇಕು.
ಪರದೆಯಲ್ಲಿ ಚಿತ್ತಾರ ಫಕ್ಕನೆ ಮೂಡಿ ಮುಗಿಯಿತು.
"ಇದು ಹೊಲಿಯುತ್ತಿಲ್ಲ," ಅಂದಳು, "ಉಗುಳುತ್ತಿದೆ."
ಮೇಜಿನ ಮೇಲೆ ತೋರುಬೆರಳು ಬಡಿಯತೊಡಗಿದಳು,
ಒಂದು ಹೊಲಿಗೆ. ಒಂದು ಹೊಲಿಗೆ. ಒಂದು.
ನಾನು ಅಂಕಿ ಇಳಿಸುತ್ತ ಹೋದೆ,
ಹತ್ತು ಸಾವಿರ, ಐದು, ನಾಲ್ಕು;
ಮೂರು ಸಾವಿರದ ನೂರಕ್ಕೆ
ಪರದೆಯ ಚುಕ್ಕಿ ಅವಳ ಉಗುರಿನ ಜೊತೆ ಬಿತ್ತು.

ಎಷ್ಟೋ ಹೊತ್ತು ನೋಡುತ್ತ ಕೂತೆವು, ಮೂವರೂ.
ಚಹಾ ಆರಿತು. ಎಂಬತ್ತೇಳನೆಯ ಚಿತ್ತಾರದಲ್ಲಿ
"ನಿಲ್ಲಿಸು" ಅಂದಳು. "ಅಲ್ಲೊಂದು ಹೊಲಿಗೆ ಹೆಚ್ಚಿದೆ."
ತೆಗೆಯಲಾ, ಅಂದೆ.
ಎಷ್ಟು ಟೋಪಿ ಹೋಗಿದೆ, ಅಂದಳು.
ನಾಲ್ಕು ಸಾವಿರ ಇರಬಹುದು, ಅಂದ ಖಲ್ಫಾನ್.
"ಹಾಗಾದರೆ ಇನ್ನು ಅದು ನನ್ನದಲ್ಲ. ಬಿಡು."

ಮರೆಯದಿರಲೆಂದು ಪೆಟ್ಟಿಗೆಯ ನೆತ್ತಿಗೆ ಟೇಪು ಅಂಟಿಸಿ
ಕನ್ನಡದಲ್ಲಿ ಬರೆದೆ: ೩೧೦೦.
ಖಲ್ಫಾನ್ ಬಗ್ಗಿ ನೋಡಿದ. ಅವನ ಅಂಕಿಯಲ್ಲಿ
ನಮ್ಮ ಸೊನ್ನೆ ಐದು.
"ಈ ಐವತ್ತೈದು ಏನು?" ಅಂದ.
ವಿವರಿಸಲು ಹೊರಟು, ಸುಮ್ಮನಾದೆ.

ಈಗ ಶುಕ್ರವಾರ ರೂವಿಯ ಬಸ್‌ಸ್ಟ್ಯಾಂಡಿನಲ್ಲಿ
ನಾನು ನೋಡುವುದು ಮುಖವನ್ನಲ್ಲ, ಅದರ ಮೇಲಿನದನ್ನು.
ಆ ಹೆಚ್ಚಿನ ಹೊಲಿಗೆ ಇನ್ನೂ ಸಿಕ್ಕಿಲ್ಲ.
ಮೊನ್ನೆ ಒಬ್ಬ ಕೇಳಿದ, ಯಾರನ್ನು ಹುಡುಕುತ್ತಿದ್ದೀಯ,
ಮಲಯಾಳಂನಲ್ಲಿ.