ಹದಿಮೂರನೆಯ ಲೋಟ

ಹಲ್ ಊರಿನಲ್ಲಿ, ಹೆಸ್ಸಲ್ ರಸ್ತೆಯ ಹಿಂದೆ,
ಮೀನಿನ ಗೋದಾಮು ಈಗ ಗ್ಯಾಲರಿ.
ಹತ್ತರಿಂದ ಐದರವರೆಗೆ ಮೂಲೆಯ ಕುರ್ಚಿ ನನ್ನದು.
ಮುಟ್ಟಬೇಡಿ ಅನ್ನುವುದು ಕೆಲಸ.
ಮಂಜು ಕವಿದ ದಿನ ಗೋಡೆ ಇನ್ನೂ ನಾರುತ್ತದೆ.

ಥೆಲ್ಮಾ ರಾತ್ಮೆಲ್ ಬರೆದ ಕಡೆಯ ಭೋಜನ:
ಉದ್ದ ಮೇಜು, ಬಿಳಿ ಹಾಸು, ಹದಿಮೂರು ಕುರ್ಚಿ.
ಒಬ್ಬರೂ ಇಲ್ಲ.
ಗುರುವೂ ಇಲ್ಲ, ಹಿಡಿದುಕೊಟ್ಟವನೂ ಇಲ್ಲ.
ಹನ್ನೆರಡು ಲೋಟ ಬೋರಲು.
ಒಂದರಲ್ಲಿ ಮಾತ್ರ ನೀರು,
ಕಂಠಮಟ್ಟ, ಅಲುಗಿದರೆ ಚೆಲ್ಲುವಂತೆ.

ಪಕ್ಕದಲ್ಲಿ ಅವಳದೇ ದೇವದೂತ, ರಬ್ಬರ್ ಬೂಟಿನವನು,
ರೆಕ್ಕೆಯ ಜಾಗದಲ್ಲಿ ಒಣಹಾಕಿದ ಬಲೆ.
ಮಕ್ಕಳು ನೋಡಿ ನಗುತ್ತಾರೆ,
ಆಮೇಲೆ ಯಾಕೋ ಸುಮ್ಮನಾಗುತ್ತಾರೆ.

ಸೋಮವಾರ ನೀರು ಕಂಠಕ್ಕಿಂತ ಒಂದೆಳೆ ಕೆಳಗೆ.
ಬೆಳಕಿನ ಮೋಸ ಅಂದುಕೊಂಡೆ.
ಗುರುವಾರ ಅರ್ಧ ಬೆರಳು.
ಟಿಕೆಟ್ಟಿನ ಬೆನ್ನಿಗೆ ಪೆನ್ಸಿಲಿನ ಗೆರೆ ಹಾಕಿ
ಬಣ್ಣಕ್ಕೆ ತಾಗದ ಹಾಗೆ ಹಿಡಿದು ಅಳೆದೆ,
ಹಾಲಿನವಳ ಪಾವನ್ನು ನೋಡುವ ಅಜ್ಜಿಯ ಗುಮಾನಿಯಲ್ಲಿ.
ಇಳಿಯುತ್ತಿತ್ತು.

ಫೋನು ಮಾಡಿದೆ. ಬಂದಳು, ಎಪ್ಪತ್ತರ ಮುದುಕಿ,
ಉಗುರ ಸಂದಿಯಲ್ಲಿ ಸೀಸದ ಬಿಳುಪು.
ದೇವರನ್ನು ನಂಬುತ್ತೀರಾ ಎಂದವರಿಗೆಲ್ಲ
ಹವಾಮಾನವನ್ನು ನಂಬುತ್ತೇನೆ ಅನ್ನುವವಳು.
ಕೋಟು ತೆಗೆಯದೆ ಚಿತ್ರದ ಮುಂದೆ ನಿಂತಳು.
"ನಾನು ಮುಟ್ಟಿಲ್ಲ."

ಬಹಳ ಹೊತ್ತಾದ ಮೇಲೆ, ನನಗಲ್ಲ, ಆ ಮೇಜಿಗೆ:
"ಅಪ್ಪ ಹಡಗು ಹತ್ತುವ ದಿನ ನಮ್ಮಲ್ಲಿ ಬಟ್ಟೆ ಒಗೆಯುತ್ತಿರಲಿಲ್ಲ.
ಒಗೆದರೆ ಹೋದವನೂ ತೊಳೆದುಹೋಗುತ್ತಾನಂತೆ.
ನನಗೆ ಆರು ವರ್ಷ.
ಗೊಂಬೆಯ ಲಂಗ ಕೊಳೆಯಾಗಿತ್ತು.
ಒಂದು ಲೋಟ ನೀರು. ಅಷ್ಟೇ."

ನನ್ನ ಇಂಗ್ಲಿಷಿನಲ್ಲಿ ಏನೂ ಸಿಗಲಿಲ್ಲ.
ಕನ್ನಡದಲ್ಲಿತ್ತು,
ಆದರೆ ಎಳ್ಳುನೀರು ಎಂಬುದನ್ನು
ಇವಳಿಗೆ ಹೇಗೆ ಬಿಡಿಸಿ ಹೇಳಲಿ?
ನೀರಲ್ಲೇ ಸತ್ತವನಿಗೂ ನೀರು ಬೇಕು,
ಉಪ್ಪಿಲ್ಲದ್ದು, ಮಕ್ಕಳ ಕೈಯಿಂದ ಬಿದ್ದದ್ದು.

ಕುಂಚ ತಂದು ತುಂಬುತ್ತೀರಾ, ಅಂದೆ.
"ಬೇಡ. ಕುಡಿದು ಮುಗಿಸಲಿ."

ಅಳೆಯುವುದನ್ನು ಬಿಟ್ಟೆ. ಟಿಕೆಟ್ಟು ಹರಿದೆ.

ಪ್ರದರ್ಶನ ಮುಗಿದು ಪೆಟ್ಟಿಗೆ ಕಟ್ಟುವವನು ಬಂದ.
ಚೌಕಟ್ಟು: ಸರಿ. ಬಣ್ಣ: ಬಿರುಕಿಲ್ಲ. ಟಿಕ್ಕು ಹಾಕಿಕೊಂಡ.
ನೀರು ಎಷ್ಟಿತ್ತು ಎಂಬ ಖಾನೆ
ಅವನ ಹಾಳೆಯಲ್ಲಿರಲಿಲ್ಲ.

ಲಾರಿ ಹೊರಟದ್ದು ಬುಧವಾರ.
ಅವತ್ತು ಮನೆಯಲ್ಲಿ
ನಾನು ಬಟ್ಟೆ ನೆನೆಹಾಕಲಿಲ್ಲ.